ಗೋಚರಭೂಮಿಯೂ ಮಂದೆಯ ನಡೆಯೂ

(ಶ್ರೀಮಠದ ಮಹೋತ್ಸವದ ಪ್ರಸಂಗದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಒಕ್ಕಲಿಗರೂ ಕುರಿಗಾಹಿಗಳೂ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಸಂಸ್ಕೃತದಲ್ಲಿ ಗೋಚರವೆಂಬ ಶಬ್ದವೊಂದುಂಟು. ಕಣ್ಣಿಗೆ ಕಾಣುವುದು, ಇಂದ್ರಿಯಕ್ಕೆ ನಿಲುಕುವುದು ಎಂಬ ಅರ್ಥದಲ್ಲಿ ಅದು ಕನ್ನಡದಲ್ಲಿ ಬಳಕೆಯಾಗಿರುತ್ತದೆ. ಆದರೆ ಹಸುಗಳು ತಿರುಗಾಡಿ ಮೇಯುವ ನೆಲವೆಂಬುದೇ ಅದರ ಮೊದಲಿನ ಅರ್ಥವು. ಹಸುವು ಎಷ್ಟು ದೂರ ಮೇದು ಬರುವುದೋ ಅಷ್ಟು ನೆಲವು ಅದಕ್ಕೆ ಗೋಚರ. ಆ ಮೇಲೆ ಇಂದ್ರಿಯಗಳು ಹರಿಯುವ ಎಡೆಗೆಲ್ಲ ಅದೇ ಹೆಸರಾಯಿತು. ದನದ ಕೊಟ್ಟಿಗೆಗೆ ಗೋಷ್ಠವೆಂದು ಹೆಸರು. ಜನರು ಕೂಡಿ ಮಾತನಾಡುವ ಸಭೆಗೆ ಗೋಷ್ಠಿಯೆಂಬ ಹೆಸರು ಬಂದುದು ಅಲ್ಲಿಂದಲೇ. ವಿದ್ವಾಂಸರು ಮಾಡುವ ಗವೇಷಣೆಯೂ ಮೂಲದಲ್ಲಿ ಹಸುವನ್ನು ಅರಸುವ ಕೆಲಸವೇ. ಕನ್ನಡದ ದನವು ಧನ ಶಬ್ದದ ತದ್ಭವವೆಂಬುದನ್ನು ಪಾಠಶಾಲೆಯ ಎಳೆಯ ವಟುಗಳೂ ಬಲ್ಲರು. ಇಷ್ಟು ಮಾತುಗಳನ್ನು ನಾಲಗೆಗೆ ಕೊಟ್ಟ ಆ ಮೇವಿನ ನೆಲವು ಈಗ ಊರೂರುಗಳಲ್ಲಿ ಕುಗ್ಗಿ ಕುಗ್ಗಿ ಗೋಚರವೇ ಅಗೋಚರವಾಗುವ ಕಾಲವು ಬಂದಿರುವುದರಿಂದ, ಅದರ ವಿಷಯವಾಗಿ ಕೆಲವು ಮಾತುಗಳನ್ನು ಈ ಸಭೆಯು ಸಾದರದಿಂದ ಲಾಲಿಸಬೇಕು.

ಒಕ್ಕಲಿಗರಿಗೂ ಕುರಿಗಾಹಿಗಳಿಗೂ ಮೇಯಿಸುವ ವಿದ್ಯೆಯನ್ನು ಕಲಿಸಬೇಕು, ಮೇಯಿಸುವುದರಿಂದಲೇ ಸತ್ತ ನೆಲವನ್ನು ಬದುಕಿಸಬೇಕು ಎಂಬ ಮಾತು ಈಗ ಅನೇಕ ದೇಶಗಳಲ್ಲಿ ಕೇಳಬರುತ್ತದೆ. ನಡೆ ಕಲಿತಂದಿನಿಂದ ಕುರಿಯ ಹಿಂದೆ ನಡೆದವನಿಗೆ ಮೇಯಿಸುವುದನ್ನು ಕಲಿಸಲು ಇವರಾರು ಎಂದು ನಗುವವರುಂಟು. ಆ ನಗುವಿನಲ್ಲಿ ಅರ್ಧ ಸತ್ಯವಿದೆ. ಕುರಿಗಾಹಿಗೆ ಕುರಿಯ ವಿಷಯದಲ್ಲಿ ಕಲಿಸತಕ್ಕದ್ದು ಬಹಳವಿಲ್ಲ. ಆದರೆ ಅವನ ಅಜ್ಜನಿಗೆ ಇದ್ದ ನೆಲವು ಅವನಿಗಿಲ್ಲ. ಅವನ ಅಜ್ಜನಿಗೂ ಊರ ಗೌಡನಿಗೂ ಇದ್ದ ಒಪ್ಪಂದವೂ ಈಗಿಲ್ಲ. ಹಳೆಯ ವಿದ್ಯೆಯನ್ನು ಹೊಸ ನೆಲದ ಮೇಲೆ ನಡೆಯಿಸುವುದೇ ಈಗ ಕಲಿಯಬೇಕಾದ ಪಾಠವಾಗಿದೆ.

ಈ ಸೀಮೆಯು ದನಗಾಹಿಗಳ ಸೀಮೆಯಾಗಿದ್ದುದು ಇಂದು ನಿನ್ನೆಯದಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ಲಿಗೆ ಸಮೀಪವಾದ ಪಿಕ್ಲಿಹಾಳದಲ್ಲಿ ಆಲ್ಚಿನ್ನರೆಂಬ ಆಂಗ್ಲ ವಿದ್ವಾಂಸರು ಭೂಶೋಧನೆ ಮಾಡಿ ೧೯೬೦ರಲ್ಲಿ ವರದಿಯನ್ನು ಪ್ರಕಟಿಸಿದರು. ಕಬ್ಬಿಣವನ್ನರಿಯದ ನೂತನ ಶಿಲಾಯುಗದ ಜನರು ಅಲ್ಲಿಯ ಬಂಡೆಗಳ ಮೇಲೆ ಇಣಿಯುಳ್ಳ ಗೂಳಿಗಳ ಚಿತ್ರಗಳನ್ನು ಬಿಟ್ಟುಹೋಗಿದ್ದಾರೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿನಲ್ಲಿಯೂ ಬಳ್ಳಾರಿಯ ಕಡೆಯಲ್ಲಿಯೂ ಬೂದಿದಿಬ್ಬಗಳು ಅನೇಕವಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದು ಜನರು ಹೇಳುವರು. ಆದರೆ ಆಲ್ಚಿನ್ನರು ಪಾಲಮೂರು ಸೀಮೆಯ ಉಟ್ನೂರಿನಲ್ಲಿ ಅಗೆದು ನೋಡಿದಾಗ ಅದು ದನದ ದೊಡ್ಡಿಯೆಂದೂ, ವರ್ಷಾನುವರ್ಷ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಆದ ಬೂದಿಯೆಂದೂ ತಿಳಿದುಬಂದಿತು. ಆ ನೆಲದಲ್ಲಿ ದನದ ಗೊರಸಿನ ಗುರುತುಗಳು ಹಾಗೆಯೇ ಉಳಿದಿದ್ದವು. ೧೯೬೩ರಲ್ಲಿ ಅವರು ಇದನ್ನೆಲ್ಲ ಒಂದು ಗ್ರಂಥವಾಗಿ ಬರೆದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಾತಿದು.

ಅವರು ಸಗಣಿಗೆ ಬೆಂಕಿಯಿಟ್ಟುದು ಹಬ್ಬದ ಆಚರಣೆಯೋ ರೋಗದ ಭಯವೋ ವಿದ್ವಾಂಸರು ಚರ್ಚಿಸಲಿ. ಒಕ್ಕಲಿಗನ ಕಣ್ಣಿಗೆ ಆ ದಿಬ್ಬದಲ್ಲಿ ಕಾಣಬೇಕಾದುದು ಬೇರೆ. ಸುತ್ತಣ ಹತ್ತು ಹರದಾರಿಯ ಹುಲ್ಲಿನ ಸಾರವು ದನದ ಹೊಟ್ಟೆಯ ಮೂಲಕ ಒಂದೇ ಕಡೆಗೆ ಬಂದು ಬಿದ್ದು ಅಲ್ಲಿಯೇ ಸುಟ್ಟು ಬೂದಿಯಾಯಿತು. ಹುಲ್ಲನ್ನು ಕೊಟ್ಟ ನೆಲಕ್ಕೆ ಅದು ಮರಳಲಿಲ್ಲ. ಇಂದಿನ ತಿಪ್ಪೆಗಳಲ್ಲಿಯೂ ಕುಳ್ಳಿನ ಒಟ್ಟಿಲುಗಳಲ್ಲಿಯೂ ಅದೇ ನಡೆದಿದೆ. ನೆಲದಿಂದ ಬಂದುದನ್ನು ನೆಲಕ್ಕೆ ಮುಟ್ಟಿಸುವುದು ಹೇಗೆಂಬ ಪ್ರಶ್ನೆಯು ಆ ದಿಬ್ಬಗಳಷ್ಟೇ ಹಳೆಯದು.

ಮೇವಿನ ನೆಲಕ್ಕೆ ಕಟ್ಟಳೆ ಬೇಕೆಂಬುದನ್ನು ಹಿಂದಿನವರು ಅರಿತಿದ್ದರು. ಉಳುಮೆಗೆ ಒದಗದ ಭೂಮಿಯನ್ನು ಪಶುಗಳ ಮೇವಿಗಾಗಿ ಬಿಡಬೇಕೆಂದು ಕೌಟಿಲ್ಯನು ವಿಧಿಸಿ, ಅದನ್ನು ನೋಡಿಕೊಳ್ಳಲು ವಿವೀತಾಧ್ಯಕ್ಷನೆಂಬ ಅಧಿಕಾರಿಯನ್ನೂ ಹೇಳುತ್ತಾನೆ. ಊರಿಗೂ ಹೊಲಗಳಿಗೂ ನಡುವೆ ನೂರು ಧನುಸ್ಸುಗಳಷ್ಟು ತೆರಪು ಬಿಡಬೇಕು, ದೊಡ್ಡ ಊರಾದರೆ ಇನ್ನೂರು, ನಗರವಾದರೆ ನಾನೂರು ಎಂದು ಯಾಜ್ಞವಲ್ಕ್ಯ ಸ್ಮೃತಿಯು ಹೇಳುವುದು. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು, ಅಂದರೆ ಈ ನಾಡಿನವನೇ. ಮೇವಿನ ಈ ಮಾತು ಬರುವುದು ಸ್ವಾಮಿಪಾಲವಿವಾದವೆಂಬ ಪ್ರಕರಣದಲ್ಲಿ. ದನದ ಒಡೆಯನಿಗೂ ಕಾಯುವವನಿಗೂ, ಹೊಲದವನಿಗೂ ಮಂದೆಯವನಿಗೂ ಹುಟ್ಟುವ ಜಗಳಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದರೆಂದಮೇಲೆ ಆ ಜಗಳಗಳು ಎಷ್ಟು ಹಳೆಯವೆಂಬುದನ್ನು ಊಹಿಸಿಕೊಳ್ಳಬಹುದು. ಕಲ್ಯಾಣದಲ್ಲಿ ಅದೇ ಶತಮಾನವು ಕಳೆಯುವುದರೊಳಗೆ ತುರುಗಾಹಿ ರಾಮಣ್ಣನೂ ಒಕ್ಕಲಿಗ ಮುದ್ದಣ್ಣನೂ ಒಂದೇ ಶಿವಾನುಭವ ಗೋಷ್ಠಿಯಲ್ಲಿ ಕುಳಿತರು. ಮುದ್ದಣ್ಣನು ತನ್ನ ಅಂಕಿತದಲ್ಲಿಯೇ ಜೀವಧನವೆಂಬ ಮಾತನ್ನು ಇಟ್ಟುಕೊಂಡಿದ್ದನು. ದನ ಕಾಯುವವನೂ ಹೊಲ ಉಳುವವನೂ ಒಂದೆಡೆ ಕೂಡಿದುದು ನ್ಯಾಯಾಲಯದಲ್ಲಿ ಅಲ್ಲ, ಗೋಷ್ಠಿಯಲ್ಲಿ ಎಂಬುದು ಗಮನಿಸತಕ್ಕ ವಿಷಯವು.

ಮಸ್ಕಿಯ ವಿಷಯವಾಗಿಯೂ ಒಂದು ಮಾತು. ೧೯೧೫ರಲ್ಲಿ ಚಿನ್ನದ ಗಣಿಯ ಶೋಧನೆಗೆ ಬಂದ ಬೀಡನ್ ಎಂಬ ಇಂಜಿನಿಯರರ ಕಣ್ಣಿಗೆ ಬಿದ್ದ ಶಾಸನದಿಂದ ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಜಗತ್ತಿಗೆ ತಿಳಿಯಿತು. ಆ ಹೆಸರಿನ ಕೀರ್ತಿಯಲ್ಲಿ ಶಾಸನದ ತಿರುಳು ಮರೆತುಹೋಗುವುದುಂಟು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ಧರ್ಮದಲ್ಲಿ ತೊಡಗಿದರೆ ಇದು ಸಾಧ್ಯವೆಂಬುದು ಅಲ್ಲಿಯ ಅಭಿಪ್ರಾಯವು. ಮನುಷ್ಯರಿಗೆ ಮಾತ್ರವಲ್ಲದೆ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನು ಅದೇ ಅರಸನು ಬೇರೆ ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಇನ್ನು ನೆಲದ ಮಾತಿಗೆ ಬರೋಣ. ಇಲ್ಲಿಯ ಮಳೆ ವರ್ಷಕ್ಕೆ ಇಪ್ಪತ್ತನಾಲ್ಕು ಅಂಗುಲದ ಆಸುಪಾಸು. ಅದೂ ನಾಲ್ಕಾರು ತಿಂಗಳಲ್ಲಿ, ಅದೂ ನೆಚ್ಚಿಕೆಯಿಲ್ಲದೆ. ೧೮೭೬ರಿಂದ ೧೮೭೮ರ ವರೆಗಿನ ಬರದಲ್ಲಿ ರಾಯಚೂರು ಲಿಂಗಸುಗೂರು ಸೀಮೆಗಳು ಪಟ್ಟ ಪಾಡು ಸರಕಾರದ ಗೆಜೆಟಿಯರುಗಳಲ್ಲಿ ದಾಖಲಾಗಿದೆ. ನೆಲವು ಎರಡು ತರಹದ್ದು: ಎರೆ ಮತ್ತು ಮಸಾರಿ. ಈ ಎರಡರ ಸ್ವಭಾವವನ್ನು ತಿಳಿಯದೆ ಮೇಯಿಸುವುದರ ಮಾತನಾಡುವವನು ವೈದ್ಯನಲ್ಲದೆ ಮದ್ದು ಕೊಡುವವನಂತೆ. ಎರೆಹೊಲವು ಹಸಿಯಿರುವಾಗ ಸಾವಿರ ಗೊರಸು ಅದರ ಮೇಲೆ ಬಿದ್ದರೆ ಮಣ್ಣು ತುಳಿತಕ್ಕೆ ಸಿಕ್ಕಿ ಗಚ್ಚಿನಂತಾಗುತ್ತದೆ. ಒಣಗಿದ ಮೇಲೆ ಹೆಂಟೆಯಾಗಿ ಎದ್ದು ಬರುತ್ತದೆ. ಗಾಳಿಯೂ ನೀರೂ ಇಳಿಯುವ ದಾರಿ ಮುಚ್ಚುತ್ತದೆ. ಆದಕಾರಣ ಎರೆಯಲ್ಲಿ ಮಂದೆಯನ್ನು ಬಿಡುವುದು ನೆಲ ಆರಿದ ಮೇಲೆಯೇ. ಮಸಾರಿಯದು ಬೇರೆ ಗುಣ. ಹುಲ್ಲು ಹೋದ ಬೋಳು ಮಸಾರಿಯ ಮೇಲೆ ಮಳೆಯ ಹನಿ ಹೊಡೆದು ಹೊಡೆದು ತೆಳುವಾದ ಗಟ್ಟಿ ಪದರವಾಗುತ್ತದೆ. ಮುಂದಿನ ಮಳೆಯು ಅದರ ಮೇಲೆ ಹರಿದು ಹಳ್ಳಕ್ಕೆ ಹೋಗುತ್ತದೆ. ಆ ಪದರವನ್ನು ಒಂದು ದಿನ ಗೊರಸು ಒಡೆದು, ಹಿಕ್ಕೆಯನ್ನು ಬೆರಸಿ, ಆಮೇಲೆ ಬಹುದಿನ ಸುಮ್ಮನೆ ಬಿಟ್ಟರೆ ಅದು ನೆಲಕ್ಕೆ ಉಪಕಾರ. ಅದೇ ಗೊರಸು ಅಲ್ಲಿಯೇ ದಿನವೂ ಓಡಾಡಿದರೆ ಧೂಳು.

ಈ ಸೀಮೆಗೆ ಹೊಂದಿದ ಕುರಿಯೂ ಒಂದುಂಟು. ಕೆಂಗುರಿಯೆಂದು ಹೆಸರು. ರಾಯಚೂರು ಸೀಮೆಯ, ವಿಶೇಷವಾಗಿ ಲಿಂಗಸುಗೂರು, ಸಿಂಧನೂರು, ಗಂಗಾವತಿಗಳ ಗುಡ್ಡಗಾಡಿನ ತಳಿಯೆಂದು ಪಶುತಜ್ಞರು ಅದನ್ನು ಗುರುತಿಸಿರುವರು. ಹೆಚ್ಚಿನವುಗಳ ಮೈ ಕಂದುಗೆಂಪು. ಟಗರಿಗೆ ಕೋಡು, ಹೆಣ್ಣಿಗೆ ಸಾಮಾನ್ಯವಾಗಿ ಇಲ್ಲ. ಕಲ್ಲುಗುಡ್ಡದಲ್ಲಿ ಒಣ ಕರಡವನ್ನು ಮೇದು ಹರದಾರಿಗಟ್ಟಲೆ ನಡೆಯುವ ಕುರಿಯದು. ಅದರ ಹಿಕ್ಕೆಯ ಬೆಲೆಯನ್ನು ಕೃಷಿಶಾಸ್ತ್ರದ ಪುಸ್ತಕಗಳು ಲೆಕ್ಕ ಹಾಕಿವೆ: ಕೊಟ್ಟಿಗೆಯ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲಿನಷ್ಟಿದ್ದರೆ ಕುರಿಗೊಬ್ಬರದಲ್ಲಿ ಮೂರು ಪಾಲಿನವರೆಗೂ ಇರುವುದು. ವೀರ ಗೊಲ್ಲಾಳನ ಕಥೆಯನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಶೈಲಕ್ಕೆ ಹೋಗುವವನನ್ನು ಲಿಂಗವನ್ನು ತಂದುಕೊಡೆಂದು ಕುರಿ ಕಾಯುವ ಹುಡುಗನು ಬೇಡಿದನು, ಮರೆತು ಬಂದವನು ಕುರಿಯ ಹಿಕ್ಕೆಯೊಂದನ್ನು ಎತ್ತಿ ಕೊಟ್ಟನು, ಹುಡುಗನು ಅದಕ್ಕೆ ಹಾಲೆರೆದು ಪೂಜಿಸಿದನು, ಅದು ಲಿಂಗವಾಯಿತು. ಕೊಟ್ಟವನು ಅದನ್ನು ಹೊಲಸೆಂದು ತಿಳಿದಿದ್ದನು. ಅದು ಹೊಲಸಲ್ಲವೆಂದು ಈಗ ರಸಾಯನಶಾಲೆಯವರೂ ಒಪ್ಪುತ್ತಾರೆ.

ಹೊಲದಲ್ಲಿ ಕುರಿ ತರುಬುವ ಪದ್ಧತಿಯೇ ಈ ನಾಡಿನ ಹಳೆಯ ಒಪ್ಪಂದ. ರಾಶಿಯಾದ ಮೇಲೆ ಬಯಲಾದ ಹೊಲದಲ್ಲಿ ಹಗಲು ಕುರಿ ಮೇದು, ರಾತ್ರಿ ಬಲೆಯ ತಟ್ಟಿಯೊಳಗೆ ಒತ್ತಾಗಿ ಮಲಗುವುದು. ಮರುರಾತ್ರಿ ತಟ್ಟಿಯನ್ನು ಪಕ್ಕಕ್ಕೆ ಸರಿಸುವುದು. ಹಿಕ್ಕೆಯೂ ಗಂಜಲವೂ ಬಿದ್ದಲ್ಲಿಯೇ ಉಳಿಯುವುವು; ಬಂಡಿಯ ಬಾಡಿಗೆಯಿಲ್ಲ, ತಿಪ್ಪೆಯಲ್ಲಿ ಬಿಸಿಲಿಗೆ ಹಾರಿಹೋಗುವ ಸಾರವಿಲ್ಲ. ಬೂದಿದಿಬ್ಬದವರಿಗೆ ಹೊಳೆಯದಿದ್ದುದು ಇದೇ. ಈ ಒಪ್ಪಂದದ ಮಾತುಗಳನ್ನು ಹಳ್ಳಿಯ ಅಗಸಿಯಲ್ಲಿ ಕೇಳಬೇಕು.

“ಏ ತಮ್ಮಾ, ನಮ್ಮ ಹಳ್ಳದ ಹೊಲಕ್ಕ ನಾಕು ರಾತ್ರಿ ಕುರಿ ತರುಬು ಬಾರಪಾ” ಎಂದು ಮುದಿ ಒಕ್ಕಲಿಗನು ಕರೆದರೆ, “ತರುಬ್ತೀನ್ರಿ ಗೌಡ್ರ, ಆದ್ರ ಕಾಳು ಎಷ್ಟು ಕೊಡ್ತೀರಿ ಮದ್ಲ ಹೇಳ್ರಿ. ಹ್ವಾದ ವರ್ಷ ಕೊಟ್ಟಂಗ ಕೊಟ್ರ ಆಗಂಗಿಲ್ಲ” ಎಂದು ಕುರಿಗಾಹಿ ನಿಂತಲ್ಲಿಂದಲೇ ಹೇಳುವನು. ಕೊನೆಗೆ ಇಷ್ಟು ಸೇರು ಜೋಳ, ಕುರಿಗಾಹಿಗಳಿಗೆ ಎರಡು ಹೊತ್ತಿನ ರೊಟ್ಟಿ, ನಾಯಿಗೂ ಒಂದು ರೊಟ್ಟಿ ಎಂದು ತೀರ್ಮಾನವಾಗುವುದು. ಈಗ ಕಾಳಿನ ಬದಲು ರೊಕ್ಕ ಬಂದಿದೆ. ನಾಯಿಯ ರೊಟ್ಟಿ ಬಿಟ್ಟುಹೋಗಿರುವುದು ಮಾತ್ರ ಶೋಚನೀಯ. ತೋಳನಿಂದ ಮಂದೆಯನ್ನು ಕಾದದ್ದು ಅದೇ.

ಈ ಒಪ್ಪಂದವು ಮುರಿಯುತ್ತ ಬಂದುದಕ್ಕೆ ಕಾರಣಗಳನ್ನು ನೋಡಬೇಕು. ಮೊದಲನೆಯದು ನೀರು. ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ರಲ್ಲಿ ಅಡಿಗಲ್ಲು ಬಿದ್ದು, ೧೯೫೩ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆಯ ಕಾಲುವೆಯು ಗಂಗಾವತಿಯನ್ನು ದಾಟಿ ಸಿಂಧನೂರಿನ ಎರೆಗೆ ಬಂದಿತು. ಬರದಿಂದ ಕಾಪಾಡಲು ಬಹು ಹೊಲಗಳಿಗೆ ತುಸು ತುಸು ನೀರನ್ನು ಹಂಚಬೇಕೆಂಬುದು ಆ ಯೋಜನೆಯ ಮೊದಲಿನ ಉದ್ದೇಶ. ಜೋಳ ಹತ್ತಿಗಳಂಥ ಅರೆನೀರಾವರಿಯ ಬೆಳೆಗಳೇ ಹೆಚ್ಚಾಗಿರಬೇಕೆಂದಿತ್ತು. ಆಂಧ್ರದ ಕರಾವಳಿಯಿಂದ ಭತ್ತದ ಬೇಸಾಯವನ್ನು ಬಲ್ಲ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರ ದುಡಿಮೆಯನ್ನು ಹೊಗಳದೆ ಇರಲಾಗದು. ಅವರನ್ನು ನೋಡಿ ಇಲ್ಲಿಯವರೂ ಭತ್ತಕ್ಕೆ ತಿರುಗಿದರು. ಅನ್ನವು ಬಂದಿತು, ಅನ್ನದ ಜೊತೆಗೆ ಜೌಗೂ ಸವುಳೂ ಬಂದವು. ಎರೆಯಲ್ಲಿ ನೀರು ನಿಂತು, ಕೆಳಗಿನ ಉಪ್ಪು ಮೇಲಕ್ಕೇರಿ, ಬಿಳಿಯ ಪೊರೆ ಕಟ್ಟಿದ ಹೊಲಗಳು ಕಾಲುವೆಯ ಕೆಳಗೆ ಬಹಳವಿವೆ. ಸವುಳು ನೆಲದ ಪರಿಹಾರಕ್ಕಾಗಿ ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದವರು ದೀರ್ಘಕಾಲದಿಂದ ಶ್ರಮಿಸುತ್ತಿರುವರು. ಬಸಿಗಾಲುವೆ, ಜಿಪ್ಸಂ, ಹಸಿರುಗೊಬ್ಬರಗಳ ವಿಷಯವನ್ನು ಅವರಿಂದಲೇ ಕೇಳುವುದು ಲೇಸು.

ಎರಡನೆಯದು ಹುಲ್ಲಿಗೆ ಬೀಳುವ ಬೆಂಕಿ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಉಳಿದ ಹುಲ್ಲನ್ನು ಮುಂದಿನ ಬೆಳೆಯ ಅವಸರದಲ್ಲಿ ಅನೇಕರು ಸುಡುತ್ತಾರೆ. ಲಿಂಗಸುಗೂರಿನ ಗುಡ್ಡದ ಕುರಿ ಮೇವಿಲ್ಲದೆ ಸೊರಗುತ್ತಿರುವ ತಿಂಗಳಲ್ಲಿಯೇ ಅಲ್ಲಿಗೆ ಎರಡು ದಿನದ ದಾರಿಯಲ್ಲಿ ಮೇವು ಹೊಗೆಯಾಗುತ್ತದೆ. ಬೂದಿದಿಬ್ಬದ ಕಾಲದವರನ್ನು ಅಜ್ಞಾನಿಗಳೆನ್ನುವವರು ಈ ಹೊಗೆಯನ್ನೂ ನೋಡಬೇಕು.

ಮೂರನೆಯದು ಗಾಯರಾಣದ ಒತ್ತುವರಿ. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ನೂರು ದನಗಳಿಗೆ ಹನ್ನೆರಡು ಹೆಕ್ಟೇರು, ಅಂದರೆ ಸುಮಾರು ಮೂವತ್ತು ಎಕರೆ ಮೇವಿನ ನೆಲವನ್ನು ಮೀಸಲಿಡಬೇಕೆಂದು ಹೇಳಿದೆ. ಊರ ಸಾರ್ವಜನಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ೨೦೧೧ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಕಾಗದದ ಮೇಲೆ ಎಲ್ಲವೂ ಇದೆ. ನೆಲದ ಮೇಲೆ ನೋಡಿದರೆ ಗಾಯರಾಣದ ಒಳ್ಳೆಯ ತುಂಡುಗಳಿಗೆ ನೇಗಿಲು ಬಿದ್ದು, ಉಳಿದ ಕಲ್ಲುನೆಲದಲ್ಲಿ ಬಳ್ಳಾರಿ ಜಾಲಿಯೂ ತಂಗಡಿಯೂ ಹಬ್ಬಿವೆ. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವುದೇ ಒಳಿತು. ಹುಲ್ಲುಗಾವಲು ಕೆಟ್ಟಿತೆಂದ ಕೂಡಲೆ ಎಲ್ಲರ ಬೆರಳೂ ತಿರುಗುವುದು ಎರಡು ಆಡು ಕಟ್ಟಿಕೊಂಡ ಬಡ ಹೆಂಗಸಿನ ಕಡೆಗೆ. ಹತ್ತೆಕರೆ ಗಾಯರಾಣವನ್ನು ರಾತ್ರೋರಾತ್ರಿ ಟ್ರ್ಯಾಕ್ಟರಿನಿಂದ ಹರಗಿಸಿದವನ ಕಡೆಗೆ ಅಲ್ಲ.

ಪಶುವಿನ ಮೇಲೆ ತಪ್ಪು ಹೊರಿಸುವ ಈ ಅವಸರಕ್ಕೆ ದೂರದೇಶದ ನಿದರ್ಶನವೊಂದಿದೆ. ಆಫ್ರಿಕದಲ್ಲಿ, ಆಗಿನ ರೊಡೇಷಿಯದಲ್ಲಿ, ೧೯೩೫ರಲ್ಲಿ ಹುಟ್ಟಿದ ಆಲನ್ ಸೇವರಿಯೆಂಬವರು ತಾರುಣ್ಯದಲ್ಲಿ ಅರಣ್ಯಜೀವಿಗಳ ಅಧಿಕಾರಿಯಾಗಿದ್ದರು. ಆನೆಗಳು ಹೆಚ್ಚಾಗಿ ನೆಲ ಕೆಡುತ್ತಿದೆಯೆಂದು ಅವರು ವರದಿ ಮಾಡಿದರು; ಬೇರೆ ತಜ್ಞರೂ ಅದನ್ನು ಒಪ್ಪಿದರು; ಮುಂದಿನ ವರ್ಷಗಳಲ್ಲಿ ಸುಮಾರು ೪೦,೦೦೦ ಆನೆಗಳನ್ನು ಕೊಂದರು. ನೆಲವು ಸುಧಾರಿಸಲಿಲ್ಲ, ಇನ್ನೂ ಕೆಟ್ಟಿತು. ಅದೇ ತಮ್ಮ ಬಾಳಿನ ಅತ್ಯಂತ ದೊಡ್ಡ ತಪ್ಪೆಂದು ೨೦೧೩ರಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡರು. ಆ ದುಃಖದಿಂದಲೇ ಅವರ ಸಮಗ್ರ ಮೇಯಿಸುವಿಕೆಯ ಸಿದ್ಧಾಂತವು ಬೆಳೆಯಿತೆನ್ನಬಹುದು. ಕಾಡುಮೃಗಗಳ ದೊಡ್ಡ ಹಿಂಡುಗಳು ಹುಲಿಸಿಂಹಗಳ ಭಯದಿಂದ ಒತ್ತಾಗಿ ಸೇರಿ, ಒಂದು ಕಡೆ ಮೇದು, ಸಗಣಿಯಿಂದ ಹೊಲಸಾದ ಆ ನೆಲವನ್ನು ಬಿಟ್ಟು ಮುಂದೆ ಹೋಗುತ್ತಿದ್ದವು; ಬಹಳ ದಿನ ಮರಳಿ ಬರುತ್ತಿರಲಿಲ್ಲ. ಸಾಕಿದ ಮಂದೆಯನ್ನೂ ಹಾಗೆಯೇ ನಡೆಯಿಸಬೇಕೆಂಬುದು ಅವರ ಮತ. ಇದಕ್ಕೆ ಮೊದಲೇ ಫ್ರಾನ್ಸಿನ ನಾರ್ಮಂಡಿಯಲ್ಲಿ ವ್ವಾಜೇನ್ ಎಂಬ ಒಕ್ಕಲಿಗ ವಿದ್ವಾಂಸರು ತಮ್ಮ ಹಸುಗಳ ಬೆನ್ನ ಹಿಂದೆ ನಿಂತು ನೋಡಿ ೧೯೫೭ರಲ್ಲಿ ಒಂದು ಗ್ರಂಥವನ್ನು ಬರೆದಿದ್ದರು. ಹುಲ್ಲು ಕೆಡುವುದು ದನಗಳು ಬಹಳವಾದುದರಿಂದ ಎಂಬುದಕ್ಕಿಂತ ಅವು ಒಂದೆಡೆಯಲ್ಲಿ ಬಹಳ ದಿನ ನಿಂತುದರಿಂದ ಎಂಬುದು ಅದರ ಸಾರ.

ಇದರ ಕಾರಣವು ಸುಲಭವಾಗಿದೆ. ಕಚ್ಚಿಸಿಕೊಂಡ ಹುಲ್ಲು ಬೇರಿನಲ್ಲಿ ಕೂಡಿಟ್ಟ ಸಾರವನ್ನು ತೆಗೆದು ಹೊಸ ಎಲೆಯನ್ನು ಬಿಡುತ್ತದೆ. ಎಲೆ ಬಲಿತ ಮೇಲೆ ಆ ಸಾಲವನ್ನು ಬೇರಿಗೆ ತೀರಿಸುತ್ತದೆ. ಸಾಲ ತೀರುವುದಕ್ಕೆ ಮೊದಲೇ ಎಳೆಯ ಚಿಗುರನ್ನು ಮತ್ತೆ ಕಚ್ಚಿದರೆ ಬೇರು ಕುಗ್ಗುತ್ತದೆ. ನಾಲ್ಕು ಸಲ ಹಾಗಾದರೆ ಒಳ್ಳೆಯ ಹುಲ್ಲು ಸತ್ತು, ಕುರಿ ಮುಟ್ಟದ ತಂಗಡಿ ಉಳಿಯುತ್ತದೆ. ಎಳೆಯ ಚಿಗುರೇ ಕುರಿಗೆ ರುಚಿ. ಆದ್ದರಿಂದ ಸ್ವತಂತ್ರವಾಗಿ ಬಿಟ್ಟ ಕುರಿಯು ಕಚ್ಚಿದ್ದನ್ನೇ ಕಚ್ಚುವುದು. ಹಾಗೆಂದು ಬಹಳ ವರ್ಷ ಬಾಯೇ ಬೀಳದ ಹುಲ್ಲೂ ಸುಖವಾಗಿರದು. ಒಣಗಿದ ದಂಟು ನಿಂತೇ ಇದ್ದು ಹೊಸ ಮೊಳಕೆಗೆ ಬಿಸಿಲು ತಾಗದಂತೆ ಮಾಡುತ್ತದೆ.

ಆದರೆ ಹೊರಗಿನಿಂದ ಬಂದ ಸಿದ್ಧಾಂತವನ್ನು ಪರೀಕ್ಷಿಸದೆ ಒಪ್ಪುವುದು ಪಾಠಶಾಲೆಯ ರೀತಿಯಲ್ಲ. ಪೂರ್ವಪಕ್ಷವನ್ನೂ ಕೇಳಬೇಕು. ಹೀಗೆ ಮೇಯಿಸಿದರೆ ವಾಯುಮಂಡಲದ ಇಂಗಾಲವು ಮಣ್ಣಿಗಿಳಿದು ಲೋಕದ ಹವೆಯ ಕೇಡೇ ನಿವಾರಣೆಯಾಗುವುದೆಂದು ಸೇವರಿಯವರು ಹೇಳಿದುದನ್ನು ಹುಲ್ಲುಗಾವಲಿನ ಶಾಸ್ತ್ರಜ್ಞರು ಬಹಳ ಜನರು ಒಪ್ಪುವುದಿಲ್ಲ. ಮಣ್ಣಿಗೆ ಸೇರುವ ಇಂಗಾಲವು ಅಲ್ಪ, ಕೆಲವು ವರ್ಷಗಳ ಮೇಲೆ ನಿಂತುಹೋಗುವಂಥದು, ನೆಲ ಕೆಟ್ಟರೆ ಮತ್ತೆ ಹೊರಡುವಂಥದು, ಮೆಲುಕು ಹಾಕುವ ಪ್ರಾಣಿಗಳ ಉಸಿರಿನಿಂದ ಬರುವ ಅನಿಲಕ್ಕೆ ಅದು ಸರಿದೂಗದು ಎಂದು ೨೦೧೭ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ವರದಿಯೊಂದು ನಿರ್ಣಯಿಸಿತು. ಮಂದೆಯನ್ನು ದುಪ್ಪಟ್ಟು ಮಾಡಿದರೂ ನೆಲ 
ತಾಳುವುದೆಂಬ ಮಾತನ್ನೂ ಅನೇಕರು ಅನುಭವದಿಂದ ತಳ್ಳಿಹಾಕಿದ್ದಾರೆ. ಲೋಕವನ್ನು ಉಳಿಸುವ ಭಾರವನ್ನು ಮಸ್ಕಿಯ ಕುರಿಯ ಮೇಲೆ ಹೊರಿಸುವುದು ಬೇಡ. ಹುಲ್ಲಿಗೆ ವಿಶ್ರಾಂತಿ ಬೇಕು, ಮಂದೆಗೆ ನಡೆ ಬೇಕು ಎಂಬಷ್ಟನ್ನು ಉಭಯಪಕ್ಷದವರೂ ಒಪ್ಪುವರು. ಮೈಸೂರಿನ ಅರಸರ ಅಮೃತಮಹಲಿನ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ದನಗಳನ್ನು ಒಂದರಿಂದೊಂದಕ್ಕೆ ನಡೆಸುತ್ತಿದ್ದುದೂ ಇದೇ ತತ್ತ್ವದ ಮೇಲೆಯೇ.

ಆಫ್ರಿಕದ ಬಯಲಿಗೂ ಇಲ್ಲಿಯ ಗಾಯರಾಣಕ್ಕೂ ಇರುವ ದೊಡ್ಡ ಅಂತರವು ಒಡೆತನದಲ್ಲಿದೆ. ಸಾವಿರಾರು ಎಕರೆಗೆ ಒಬ್ಬನೇ ಒಡೆಯನಾದರೆ ಬೇಲಿ ಹಾಕಿ ತನ್ನ ಮಂದೆಯನ್ನು ತಾನೇ ಸರಿಸುವನು. ಇಲ್ಲಿ ಒಬ್ಬನು ಹುಲ್ಲಿಗೆ ವಿಶ್ರಾಂತಿಯೆಂದು ತನ್ನ ಕುರಿಯನ್ನು ತಡೆದರೆ ಇನ್ನೊಬ್ಬನ ಕುರಿ ಆ ಹುಲ್ಲನ್ನು ಮೇದು ಹೋಗುತ್ತದೆ, ತಡೆದವನೇ ಮೂರ್ಖನಾಗುವನು. ಆದ್ದರಿಂದ ಇಲ್ಲಿ ಶಿಕ್ಷಣವೆಂದರೆ ಒಬ್ಬೊಬ್ಬರಿಗೆ ಪಾಠ ಹೇಳಿ ಪ್ರಮಾಣಪತ್ರ ಕೊಡುವುದಲ್ಲ. ಕುರಿಗಾಹಿ, ದನದವರು, ಆಡಿನ ಮುದುಕಿ, ಹೊಲದ ಒಡೆಯ, ಪಂಚಾಯಿತಿಯವರು ಎಲ್ಲರನ್ನೂ ಒಂದೇ ಗೋಷ್ಠಿಯಲ್ಲಿ ಕೂರಿಸುವುದು. ರಾಯಚೂರಿನಲ್ಲಿ ೨೦೦೯ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ವಿದ್ವಾಂಸರು ಮಣ್ಣಿನ, ಮೇವಿನ ವಿಷಯವನ್ನು ಬಂದು ಹೇಳಬಲ್ಲರು. ಆದರೆ ಊರವರನ್ನು ಒಂದು ಮಾತಿಗೆ ತರುವುದು ಅವರ ಕೆಲಸವಲ್ಲ. ಜಾತಿ ಪಕ್ಷಗಳನ್ನು ನೋಡದೆ ಎಲ್ಲರೂ ಬಂದು ಕೂರುವ ಜಾಗವು ಹಳ್ಳಿಗಳಲ್ಲಿ ಇನ್ನೂ ಉಳಿದಿದ್ದರೆ ಅದು ಮಠದ ಅಂಗಳ.

ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಹಲಗೆ ಬಳಪಗಳಿಂದ ಅಲ್ಲ. ಗಾಯರಾಣದ ಮಧ್ಯದಲ್ಲಿ ನಾಲ್ಕು ಮಾರು ಚೌಕದ ನೆಲಕ್ಕೆ ಜಾಲಿಮುಳ್ಳಿನ ಬೇಲಿಯನ್ನು ಹಾಕಿ ಒಂದು ಮಳೆಗಾಲ ಬಿಡಬೇಕು. ಒಳಗಿನ ಹುಲ್ಲನ್ನೂ ಹೊರಗಿನ ಹುಲ್ಲನ್ನೂ ಹಸ್ತದ ಮಳೆಯ ಹೊತ್ತಿಗೆ ಎಲ್ಲರೂ ಬಂದು ನೋಡಬೇಕು. ಒಳಗೊಂದು ಹೊರಗೊಂದು ಚೆಂಬು ನೀರನ್ನು ಸುರಿದು ಯಾವುದು ಬೇಗ ಇಂಗುವುದೆಂದು ಮಕ್ಕಳಿಂದ ಎಣಿಸಬೇಕು. ಗುದ್ದಲಿಯಿಂದ ಒಂದು ಗೇಣು ಅಗೆದು ಬೇರು ಎಷ್ಟು ಆಳಕ್ಕೆ ಹೋಗಿದೆ, ಎರೆಹುಳು ಇದೆಯೋ ಇಲ್ಲವೋ ನೋಡಬೇಕು. ಕಣ್ಣಾರೆ ಕಂಡವನಿಗೆ ವಾದ ಬೇಕಾಗುವುದಿಲ್ಲ.

ಆಮೇಲೆ ಲೆಕ್ಕ. ಮೂವತ್ತು ಎಕರೆ ಗಾಯರಾಣವಿದೆಯೆನ್ನೋಣ. ಬೇಲಿ ಬೇಡ, ಕಲ್ಲುಗುಂಡುಗಳಿಗೆ ಸುಣ್ಣ ಬಳಿದು ಮೂರು ಮೂರು ಎಕರೆಯ ಹತ್ತು ಪಾಲು ಮಾಡಬೇಕು. ಊರ ಮಂದೆಗಳೆಲ್ಲ ಕೂಡಿ ಒಂದು ಪಾಲಿನಲ್ಲಿ ನಾಲ್ಕು ದಿನ ಮೇದರೆ, ಮೊದಲನೆಯ ಪಾಲಿಗೆ ಮತ್ತೆ ಬಾಯಿ ಬೀಳುವುದು ನಲವತ್ತೊಂದನೆಯ ದಿನ. ನಡುವೆ ಮೂವತ್ತಾರು ದಿನಗಳ ವಿಶ್ರಾಂತಿ. ನಾಲ್ಕು ದಿನ ಮೀರಿ ನಿಂತರೆ ಮೊದಲ ದಿನ ಕಚ್ಚಿದ ಹುಲ್ಲು ಚಿಗುರಿ ಅದೇ ಬಾಯಿಗೆ ಸಿಕ್ಕುವುದು. ಮಳೆ ಚೆನ್ನಾಗಿದ್ದು ಹುಲ್ಲು ಬೇಗ ಬೆಳೆದರೆ ಬೇಗ ಸರಿಯಬಹುದು. ಮಳೆ ಹಿಂದೆಗೆದರೆ ವಿಶ್ರಾಂತಿಯನ್ನು ಹೆಚ್ಚಿಸಬೇಕು. ಆಗ ಮಂದೆಗೆ ಬೇರೆ ಎಡೆ ಬೇಕು. ಇಲ್ಲಿಯೇ ಮೂರು ತಾಲ್ಲೂಕುಗಳು ಒಂದಕ್ಕೊಂದು ಒದಗುವುದು. ಮಳೆಗಾಲದಲ್ಲಿ ಲಿಂಗಸುಗೂರು ಮಸ್ಕಿಗಳ ಗುಡ್ಡ ಮಸಾರಿಗಳು. ಸುಗ್ಗಿಯ ಮೇಲೆ ಜೋಳ ತೊಗರಿ ಕಿತ್ತ ಹೊಲಗಳು. ಅವು ಮುಗಿದ ಮೇಲೆ ಸಿಂಧನೂರಿನ ಗದ್ದೆಯ ಕೂಳೆ. ಬೆಂಕಿಗೆ ಹೋಗುವ ಹುಲ್ಲು ಕುರಿಗೆ ಹೋಗಿ, ಕುರಿಯ ಹಿಕ್ಕೆ ಗದ್ದೆಗೆ ಬೀಳುವಂತೆ ಎರಡು ತಾಲ್ಲೂಕುಗಳ ಹಿರಿಯರು ಕೊಯ್ಲಿಗೆ ಮುಂಚೆಯೇ ಮಾತನಾಡಿಕೊಂಡರೆ, ಕಾಳಿನ ಜಗಳವೂ ಮೊದಲೇ ಮುಗಿದಿರುತ್ತದೆ.

ಎಚ್ಚರಿಕೆಯ ಮಾತೂ ಇದೆ. ಕೆಂಗುರಿ ಒಣನೆಲದ ಪ್ರಾಣಿ. ಜೌಗಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ನಿಂತ ನೀರಿನ ಬಸವನಹುಳುಗಳ ಮೂಲಕ ಪಿತ್ತಜನಕಾಂಗದ ಹುಳು ಕುರಿಯ ಹೊಟ್ಟೆ ಸೇರುತ್ತದೆ. ಗದ್ದವು ಬಾತು ಸೊರಗಿ ಸಾಯುವುದು. ಆದ್ದರಿಂದ ನೀರು ಬಸಿದು ನೆಲ ಆರಿದ ಗದ್ದೆಯಲ್ಲಿ ಮಾತ್ರ ಬಿಡುವುದು, ಕಾಲುವೆಯ ಅಂಚಿನ ಹಸಿಹುಲ್ಲಿನಿಂದ ದೂರವಿಡುವುದು, ಹೋಗುವುದಕ್ಕೆ ಮೊದಲೂ ಬಂದ ಮೇಲೂ ಪಶುವೈದ್ಯರಿಗೆ ತೋರಿಸುವುದು. ಬೆಳೆಗೆ ವಿಷದ ಔಷಧಿ ಹೊಡೆದ ದಿನವನ್ನು ಒಕ್ಕಲಿಗನು ಮುಚ್ಚಿಡದೆ ಹೇಳಬೇಕು. ಇದು ದಯೆಯ ಮಾತಷ್ಟೇ ಅಲ್ಲ, ಒಪ್ಪಂದದ ಭಾಗ.

ಗುಡ್ಡದವರ ಹುಲ್ಲಿನ ಚಿಂತೆಯು ಗದ್ದೆಯವರಿಗೇಕೆಂದು ಸಿಂಧನೂರಿನವರು ಕೇಳಬಹುದು. ತುಂಗಭದ್ರೆಯ ಜಲಾಶಯವು ೧೯೫೩ರಲ್ಲಿ ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಈಚಿನ ಅಳತೆಗಳಂತೆ ಅದು ಸುಮಾರು ೧೦೫ಕ್ಕೆ ಇಳಿದಿದೆ. ಉಳಿದ ಜಾಗದಲ್ಲಿ ಕುಳಿತಿರುವುದು ಹೂಳು. ಆ ಹೂಳು ಮೇಲುನಾಡಿನ ಹೊಲ, ಗಣಿ, ಬೋಳುಗುಡ್ಡಗಳಿಂದ ಇಳಿದದ್ದು, ಮಸ್ಕಿಯ ಗುಡ್ಡದ್ದಲ್ಲ. ಆದರೂ ಮೇಲಿನವರ ಬೋಳುಗುಡ್ಡವು ಕೆಳಗಿನವರ ಕಾಲುವೆಯ ಕೊನೆಯಲ್ಲಿ ನೀರಿಲ್ಲದಂತೆ ಮಾಡುವುದು ಹೇಗೆಂಬುದನ್ನು ಸಿಂಧನೂರಿನ ಒಕ್ಕಲಿಗನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಮಸ್ಕಿ ಲಿಂಗಸುಗೂರುಗಳ ಕೆರೆಗಳಲ್ಲಿಯೂ ಸಣ್ಣದಾಗಿ ಅದೇ ನಡೆಯುತ್ತದೆ.

ಬರುವ ಮಳೆಗಾಲಕ್ಕೆ ಮೂರು ತಾಲ್ಲೂಕುಗಳಲ್ಲಿ ಒಂದೊಂದು ಊರಾದರೂ ಮುಂದೆ ಬಂದರೆ ಸಾಕು. ರೋಹಿಣಿ ಮಳೆಗೆ ಮುನ್ನ ಪಾಲುಗಳ ಗುಂಡು ನೆಟ್ಟಿರಬೇಕು. ಮೃಗಶಿರ, ಆರಿದ್ರ ಮಳೆಗಳಲ್ಲಿ ಮಂದೆಯು ಬದುಗಳ ಮೇಲೂ ಹಳ್ಳದ ದಂಡೆಯ ಮೇಲೂ ಇರಲಿ. ಗಾಯರಾಣಕ್ಕೆ ಬರುವುದು ಬೇಡ. ಹುಲ್ಲು ಗೇಣುದ್ದವಾಗುವುದು ಸಾಮಾನ್ಯವಾಗಿ ಪುಷ್ಯ ಮಳೆಯ ಹೊತ್ತಿಗೆ. ಆದರೆ ಆಗಿದೆಯೋ ಇಲ್ಲವೋ ನಿರ್ಣಯಿಸುವವನು ಪಂಚಾಂಗದವನಲ್ಲ, ಅಧಿಕಾರಿಯೂ ಅಲ್ಲ. ಊರ ಹಿರಿಯ ಕುರಿಗಾಹಿ. ಅವನು ಬಗ್ಗಿ ಕೈಯಿಂದ ಹುಲ್ಲನ್ನು ಅಳೆದು ಹೂಂ ಎಂದ ದಿನ ಮೊದಲನೆಯ ಪಾಲಿಗೆ ಮಂದೆಯನ್ನು ಬಿಡುವುದು. ಆ ದಿನವನ್ನು ಹಿಂದಿನ ಸೋಮವಾರ ಮಠದ ಬಾಗಿಲಲ್ಲಿ ಸಾರುವುದು, ಆಡಿನ ಮುದುಕಿಯ ಕಿವಿಗೂ ಬೀಳುವ ಹಾಗೆ.